‘ಡೇಟಾ ಎಲ್ಲಮ್ಮಾ?’

ಸಿನಾಪ್ಸಿಸ್ ಓದಿ ಮುಗಿಸಿದ ಗೈಡ್ ಕನ್ನಡಕ ತೆಗೆದು ಕೇಳ್ತಾರೆ: "ಇದೆಲ್ಲ ಸರಿ, ಡೇಟಾ ಎಲ್ಲಮ್ಮಾ?"

ನೀವೇ ಹೋಗಿ ಕಂಡದ್ದು, ಕೇಳಿದ್ದು, ಎಣಿಸಿದ್ದು, ಅಳೆದದ್ದು. ಇದರ ಮೇಲೆ ನಿಲ್ಲೋದು ಎಂಪಿರಿಕಲ್ ಸಂಶೋಧನೆ. ಕನ್ನಡದಲ್ಲಿ ಅನುಭವಜನ್ಯ ಅಂತಾರೆ. ಹಾಗಂತ ನಿಮ್ಮ ಆತ್ಮಕಥೆ ಬರೆಯೋದಲ್ಲ!

1948ರಲ್ಲಿ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಉಳಿದರು. ಬರಹದಲ್ಲಿ ಅದಕ್ಕೆ ಇಟ್ಟ ಹೆಸರು ರಾಂಪುರ. ಗ್ರಂಥ ಬಿಚ್ಚಿದರೆ ಜಾತಿ ಅಂದ್ರೆ ನಾಲ್ಕು ವರ್ಣದ ಏಣಿ. ಊರೊಳಗೆ ಕಂಡದ್ದೇ ಬೇರೆ. ಜಮೀನು ಯಾರ ಕೈಲಿ, ಜನಬಲ ಯಾರಿಗೆ, ಜಗಳ ಬಂದ್ರೆ ನ್ಯಾಯ ಹೇಳೋರು ಯಾರು? ಅವರ ಮಾತೇ ನಡೀತಿತ್ತು. ವರ್ಣದ ಏಣಿಯಲ್ಲಿ ಅವರೇನೂ ತುದೀಲಿರಲಿಲ್ಲ. ‘ಪ್ರಬಲ ಜಾತಿ’ ಅನ್ನೋ ಪರಿಕಲ್ಪನೆ ಗಟ್ಟಿಯಾದದ್ದು ಇಂಥ ನೋಟದಿಂದ.

ಈಗ ನಿಮ್ಮ ವಿಷಯ. ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಸಿಗೋದು ಗೆಳೆಯರ ಅಭಿಪ್ರಾಯ, ಊರಿನದ್ದಲ್ಲ. ಯಾರನ್ನ ಕೇಳಿದ್ರಿ, ಹೇಗೆ ಆರಿಸಿದ್ರಿ, ಯಾರು ಬಿಟ್ಟುಹೋದ್ರು, ಎಲ್ಲ ಬರೆದಿಡಿ. ನಿಮ್ಮ ಊಹೆಗೆ ಉಲ್ಟಾ ಬಂದ ಉತ್ತರವನ್ನಂತೂ ಅಳಿಸಲೇಬೇಡಿ. ನನ್ನ ಕೇಳಿದ್ರೆ ಒಳ್ಳೇ ಅಧ್ಯಾಯ ಹುಟ್ಟೋದು ಅಲ್ಲೇ.

ಅಂದಹಾಗೆ, 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ಶ್ರೀನಿವಾಸ್ ವಿಂಗಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಬಹುಪಾಲು ನೆನಪಿನಿಂದಲೇ ಬರೆದ ಅವರ ಪುಸ್ತಕ 1976ರಲ್ಲಿ ಬಂತು.

ಅದು ಶ್ರೀನಿವಾಸ್. ನೀವು ಇವತ್ತೇ ಬ್ಯಾಕಪ್ ತಗೊಳ್ಳಿ.