ಕಲ್ಲಿನ ಕಥೆಗೆ ಎರಡೇ ವರ್ಷದ ಗಡುವು

ಪರೀಕ್ಷೆ ಬರೆದ ಮಕ್ಕಳಿಗೆ ಅಂಕಪಟ್ಟಿ ಬರುವುದು ಮನೆಮನೆಗೂ ಗೊತ್ತಿರುವ ಸಂಗತಿ. ವಿಜ್ಞಾನಿಗಳು ತಮ್ಮ ಸಂಶೋಧನೆಯನ್ನು ಪ್ರಕಟಿಸುವ ಪತ್ರಿಕೆಗಳಿಗೂ ವರ್ಷಕ್ಕೊಮ್ಮೆ ಅಂಕಪಟ್ಟಿ ಬರುತ್ತದೆಂಬುದು ಹೆಚ್ಚಿನವರಿಗೆ ತಿಳಿಯದು. ಮಗಳು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರಿದ ಮನೆಯಲ್ಲಿ ಮಾತ್ರ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ‘ನಿನ್ನ ಪೇಪರ್ ಬಂದ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು?’ ನಾಲ್ಕು ಎಂದರೆ ಸಂತೋಷ. 0.8 ಎಂದರೆ ಮೌನ.

ಕನ್ನಡದಲ್ಲಿ ಇದನ್ನು ಪ್ರಭಾವಾಂಕ ಎನ್ನಬಹುದು. ಇದರ ಹಿಂದಿರುವ ವ್ಯಕ್ತಿ ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಅಲ್ಲಿನ ವಕೀಲರ ಬಳಿ 1873ರಿಂದಲೂ ಒಂದು ಬಗೆಯ ಸೂಚಿ ಇತ್ತು. ಹಳೆಯ ತೀರ್ಪೊಂದನ್ನು ಮುಂದೆ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬುದನ್ನು ಅದರಲ್ಲಿ ನೋಡಬಹುದಿತ್ತು. ಇದೇ ಉಪಾಯ ವಿಜ್ಞಾನಕ್ಕೂ ಆದೀತಲ್ಲ ಎಂದು ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಫಿಲಡೆಲ್ಫಿಯಾದಲ್ಲಿ ಅವರು ಕಟ್ಟಿದ ಸಂಸ್ಥೆ 1964ರಲ್ಲಿ ವಿಜ್ಞಾನದ ಉಲ್ಲೇಖ ಸೂಚಿಯನ್ನೂ 1975ರಲ್ಲಿ ಪತ್ರಿಕೆಗಳ ಅಂಕಪಟ್ಟಿಯನ್ನೂ ಹೊರತಂದಿತು. ಸೂಚಿಗೆ ಯಾವ ಪತ್ರಿಕೆಗಳನ್ನು ಸೇರಿಸಬೇಕು, ಗ್ರಂಥಾಲಯ ಯಾವುದಕ್ಕೆ ಚಂದಾ ಕಟ್ಟಬೇಕು ಎಂದು ತೀರ್ಮಾನಿಸಲು ಆದ ಲೆಕ್ಕ ಅದು. ವಿಜ್ಞಾನಿಗಳನ್ನು ತೂಗುವ ತಕ್ಕಡಿಯಾಗಲೆಂದು ಹುಟ್ಟಿದ್ದಲ್ಲ. ಹಲವು ಕೈ ದಾಟಿದ ಆ ಪಟ್ಟಿಯನ್ನು ಈಗ ಪ್ರಕಟಿಸುತ್ತಿರುವುದು ಕ್ಲ್ಯಾರಿವೇಟ್ ಎಂಬ ಕಂಪನಿ.

ಲೆಕ್ಕ ಏಳನೆಯ ತರಗತಿಯ ಮಕ್ಕಳಿಗೂ ಬಗೆಹರಿಯುವಂಥದು. ಒಂದು ಪತ್ರಿಕೆ 2022ರಲ್ಲಿ 60, 2023ರಲ್ಲಿ 40, ಒಟ್ಟು 100 ಪ್ರಬಂಧ ಪ್ರಕಟಿಸಿತು ಎನ್ನಿ. ಆ ಎರಡು ವರ್ಷಗಳ ಬರಹಗಳನ್ನು 2024ರಲ್ಲಿ ಬೇರೆ ಬೇರೆ ಪ್ರಬಂಧಗಳು ಒಟ್ಟು 250 ಸಲ ಉಲ್ಲೇಖಿಸಿದವು. 250ನ್ನು 100ರಿಂದ ಭಾಗಿಸಿ: 2.5. ಅದೇ 2024ರ ಪ್ರಭಾವಾಂಕ. 2021ರ ಪ್ರಬಂಧವೊಂದನ್ನು ಅದೇ ವರ್ಷ ಸಾವಿರ ಜನ ಉಲ್ಲೇಖಿಸಿದ್ದರೂ ಅದು ಈ ಲೆಕ್ಕಕ್ಕಿಲ್ಲ.

ಭೂವಿಜ್ಞಾನಕ್ಕೆ ಪೆಟ್ಟು ಬೀಳುವುದು ಇಲ್ಲೇ. ಜೀವಕೋಶಗಳ ಅಧ್ಯಯನದಲ್ಲಿ ಹೊಸ ಫಲಿತಾಂಶ ಬಂದರೆ ಲೋಕದ ನೂರಾರು ಪ್ರಯೋಗಾಲಯಗಳು ಕೆಲವೇ ತಿಂಗಳಲ್ಲಿ ಅದನ್ನು ಎತ್ತಿಕೊಳ್ಳುತ್ತವೆ. ಬಂಡೆ ಓದುವವರ ಗತಿ ಬೇರೆ. ಮಳೆ ನಿಂತ ಮೇಲೆ ಕ್ಷೇತ್ರಕಾರ್ಯಕ್ಕೆ ಹೊರಡಬೇಕು, ಸುತ್ತಿಗೆ ಹಿಡಿದು ಮಾದರಿ ತರಬೇಕು, ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಡಿ ನೋಡಬೇಕು, ವಯಸ್ಸು ಅಳೆಯುವ ಯಂತ್ರವಿರುವ ಪ್ರಯೋಗಾಲಯದಲ್ಲಿ ಸರದಿಗೆ ಕಾಯಬೇಕು. ಬರೆದದ್ದನ್ನು ಪರಿಶೀಲಕರು ಓದಿ ಒಪ್ಪಿ ಅಚ್ಚಾಗುವ ಹೊತ್ತಿಗೆ ಅದರಲ್ಲಿ ಉಲ್ಲೇಖವಾದ ಹೊಸ ಪ್ರಬಂಧವೂ ಎರಡು ವರ್ಷ ದಾಟಿ ಹಳತಾಗಿರುತ್ತದೆ.

ಆದರೆ ಭೂವಿಜ್ಞಾನದ ಒಳ್ಳೆಯ ಬರಹ ಬೇಗ ಸಾಯುವುದಿಲ್ಲ. ದಕ್ಷಿಣ ಭಾರತದ ಪುರಾತನ ಶಿಲಾಸಮೂಹವೊಂದಕ್ಕೆ ‘ಧಾರವಾಡ’ ಎಂಬ ಹೆಸರಿಟ್ಟವರು 1880ರ ದಶಕದಲ್ಲಿ ಇಲ್ಲಿ ಓಡಾಡಿದ ರಾಬರ್ಟ್ ಬ್ರೂಸ್ ಫೂಟ್. ಆ ಹೆಸರು ಇಂದಿಗೂ ಜಗತ್ತಿನ ಭೂವಿಜ್ಞಾನಿಗಳ ನಾಲಿಗೆಯ ಮೇಲಿದೆ. ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಸಂಪಾದಿಸಿದ, ದಕ್ಷಿಣ ಕರ್ನಾಟಕದ ಪ್ರಾಚೀನ ಶಿಲೆಗಳ ಕುರಿತ ಗ್ರಂಥವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ತನ್ನ 112ನೆಯ ಮೆಮೊಯಿರ್ ಆಗಿ 1981ರಲ್ಲಿ ಪ್ರಕಟಿಸಿತು. ಈ ನೆಲದ ಶಿಲೆಗಳ ಬಗ್ಗೆ ಬರೆಯುವವರು ಈಗಲೂ ಅದನ್ನು ತೆರೆಯುತ್ತಾರೆ, ಉಲ್ಲೇಖಿಸುತ್ತಾರೆ. ಎರಡು ವರ್ಷದ ಲೆಕ್ಕದಲ್ಲಿ ಅದಕ್ಕೆ ಇಂದು ಸಿಗುವ ಬೆಲೆ ಸೊನ್ನೆ! ಈ ಕೊರತೆ ಕಂಡೇ ಐದು ವರ್ಷಗಳ ಪ್ರಭಾವಾಂಕವನ್ನೂ ಪಟ್ಟಿಯಲ್ಲಿ ಕೊಡುತ್ತಾರೆ. ಅದನ್ನು ಕೇಳುವವರು ಕಡಿಮೆ.

ಇನ್ನೊಂದು ತೊಡಕು ಜನಸಂಖ್ಯೆಯದು. ಹವಾಮಾನ ಬದಲಾವಣೆಯ ಮೇಲೆ ದುಡಿಯುವವರು ಲೋಕದ ತುಂಬ ಇದ್ದಾರೆ, ಹಾಗಾಗಿ ಉಲ್ಲೇಖಿಸುವವರೂ ಹೆಚ್ಚು. ಕೋಲಾರದ ಶಿಲಾಪಟ್ಟಿಯ ಮೇಲೆ ಕೆಲಸ ಮಾಡುವವರನ್ನು ಎಣಿಸಿಬಿಡಬಹುದು. 2008ರಲ್ಲಿ ಶುರುವಾದ ‘ನೇಚರ್ ಜಿಯೋಸೈನ್ಸ್’ನ ಅಂಕ ಎರಡಂಕಿಯಲ್ಲಿದ್ದರೆ, ಬೆಂಗಳೂರಿನ ಭಾರತೀಯ ಭೂವಿಜ್ಞಾನ ಸಂಘ 1959ರಿಂದ ನಡೆಸುತ್ತಿರುವ, ಬಿ.ಪಿ. ರಾಧಾಕೃಷ್ಣ ಅವರು ದೀರ್ಘಕಾಲ ಸಂಪಾದಿಸಿದ ಪತ್ರಿಕೆಯ ಅಂಕ ಇತ್ತೀಚಿನ ವರ್ಷಗಳಲ್ಲಿ ಒಂದರಿಂದ ಎರಡರೊಳಗೆ. ಊರಿನ ಅಂತರ್ಜಲದ ಬಗ್ಗೆ ಅದರಲ್ಲಿ ಬಂದ ಲೇಖನ ಊರಿಗೆ ಉಪಯೋಗವಿಲ್ಲದ್ದು ಎಂದು ಇದರರ್ಥವಲ್ಲ.

ಸರಾಸರಿ ಎಂಬುದೇ ಮೋಸದ ಮಾತು. ಹರಳುಗಳ ರಚನೆಯ ಅಧ್ಯಯನಕ್ಕೆ ಮೀಸಲಾದ ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ’ದ ‘ಎ’ ವಿಭಾಗದ ಪ್ರಭಾವಾಂಕ 2008ರಲ್ಲಿ 2.051 ಇತ್ತು. 2009ರಲ್ಲಿ ಅದು 49.926ಕ್ಕೆ ಹಾರಿತು. ಪತ್ರಿಕೆ ರಾತ್ರೋರಾತ್ರಿ ಬದಲಾಗಿರಲಿಲ್ಲ. ಹರಳಿನ ರಚನೆ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಂ ಒಂದರ ಬಗ್ಗೆ ಜಾರ್ಜ್ ಶೆಲ್ಡ್ರಿಕ್ 2008ರಲ್ಲಿ ಬರೆದ ಒಂದೇ ಒಂದು ಲೇಖನವನ್ನು, ಅದನ್ನು ಬಳಸಿದವರೆಲ್ಲ ಉಲ್ಲೇಖಿಸಿದ್ದರು. ಎರಡು ವರ್ಷ ಕಳೆದು ಆ ಲೇಖನ ಲೆಕ್ಕದಿಂದ ಆಚೆ ಬಿದ್ದದ್ದೇ ತಡ, ಅಂಕ ಮತ್ತೆ ಎರಡರ ಹತ್ತಿರ ಇಳಿಯಿತು. ಆ ನಡುವೆ ಅದೇ ಪತ್ರಿಕೆಯಲ್ಲಿ ಬರೆದ ಉಳಿದವರ ಬೆನ್ನ ಮೇಲೂ 49ರ ಮುದ್ರೆ ಬಿದ್ದಿತ್ತು. ತರಗತಿಯಲ್ಲಿ ಒಬ್ಬಳು ನೂರಕ್ಕೆ ನೂರು ತೆಗೆದರೆ ಪಕ್ಕದ ಬೆಂಚಿನವನಿಗೂ ಶಹಬ್ಬಾಸ್‌ಗಿರಿ ಕೊಟ್ಟಂತೆ.

ಅಂಕಕ್ಕೆ ಬೆಲೆ ಬಂದ ಮೇಲೆ ಕಾಪಿ ಹೊಡೆಯುವವರೂ ಹುಟ್ಟದಿರುತ್ತಾರೆಯೇ? ಮಣ್ಣಿನ ವಿಜ್ಞಾನದ ಸಂಪಾದಕರೊಬ್ಬರು ತಮ್ಮ ಕೈಗೆ ಬಂದ ಹತ್ತಾರು ಪ್ರಬಂಧಗಳಲ್ಲಿ ತಮಗೆ ಬೇಕಾದ ನೂರಾರು ಉಲ್ಲೇಖಗಳನ್ನು ತುರುಕುವಂತೆ ಲೇಖಕರಿಗೆ ಸೂಚಿಸಿದ್ದು 2017ರಲ್ಲಿ ಬಯಲಾಯಿತು. ಬಯಲು ಮಾಡಿದ್ದು ಪ್ರಕಾಶಕರೇ, ಜರ್ಮನಿಯ ಕೊಪರ್ನಿಕಸ್. ತಮ್ಮನ್ನು ತಾವೇ ಅತಿಯಾಗಿ ಉಲ್ಲೇಖಿಸಿಕೊಳ್ಳುವ ಪತ್ರಿಕೆಗಳನ್ನು ಕ್ಲ್ಯಾರಿವೇಟ್ ಕೂಡ ಪಟ್ಟಿಯಿಂದ ತಡೆಹಿಡಿಯುತ್ತದೆ.

ನಮ್ಮಲ್ಲಿ ಇದು ಹೊಟ್ಟೆಪಾಡಿಗೂ ತಳುಕು ಹಾಕಿಕೊಂಡಿದೆ. ಕಾಲೇಜು ಅಧ್ಯಾಪಕರ ನೇಮಕ, ಬಡ್ತಿಗೆ ಯುಜಿಸಿ 2010ರಲ್ಲಿ ತಂದ ಅಂಕ ಪದ್ಧತಿಯಲ್ಲಿ ಪತ್ರಿಕೆಯ ಪ್ರಭಾವಾಂಕ ಹೆಚ್ಚಿದಷ್ಟೂ ಪ್ರಬಂಧಕ್ಕೆ ಹೆಚ್ಚು ಅಂಕ. 2018ರ ನಿಯಮಾವಳಿಯಲ್ಲೂ ಅದು ಉಳಿಯಿತು. ಅದಕ್ಕೂ ಮುಂಚೆಯೇ, 2012ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರೂ ವಿಜ್ಞಾನಿಗಳೂ ವ್ಯಕ್ತಿಯ ನೇಮಕ, ಬಡ್ತಿಗೆ ಪತ್ರಿಕೆಯ ಅಂಕವನ್ನು ಅಳತೆಗೋಲು ಮಾಡಬೇಡಿ ಎಂದು ಘೋಷಣೆ ಹೊರಡಿಸಿದ್ದರು.

ಈ ಒತ್ತಡದ ಹೊಲದಲ್ಲಿ ಬೆಳೆದ ಕಳೆಯೇ ನಕಲಿ ಪತ್ರಿಕೆಗಳು. ‘ನಮ್ಮ ಇಂಪ್ಯಾಕ್ಟ್ ಫ್ಯಾಕ್ಟರ್ 7.5, ಮೂರೇ ದಿನದಲ್ಲಿ ಪ್ರಕಟಣೆ, ಶುಲ್ಕ ಇಷ್ಟು’ ಎಂಬ ಇ-ಮೇಲ್ ಪದವಿ ವಿದ್ಯಾರ್ಥಿಗಳಿಗೂ ಬರುತ್ತದೆ. ಅಂಥ ಅಂಕ ಹಂಚಲೆಂದೇ ಅಂಗಡಿ ತೆರೆದವರಿದ್ದಾರೆ. ಒಳ್ಳೆಯ ಪತ್ರಿಕೆಗಳದೆಂದು ಯುಜಿಸಿ 2019ರಲ್ಲಿ ಆರಂಭಿಸಿದ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು. ಆಯ್ಕೆಯ ಹೊರೆ ಈಗ ವಿಶ್ವವಿದ್ಯಾಲಯಗಳ ಮೇಲೂ ವಿದ್ಯಾರ್ಥಿಯ ಮೇಲೂ ಬಿದ್ದಿದೆ. ದುಡ್ಡು ಕಟ್ಟುವ ಮೊದಲು ಕ್ಲ್ಯಾರಿವೇಟ್‌ನ ‘ಮಾಸ್ಟರ್ ಜರ್ನಲ್ ಲಿಸ್ಟ್’ನಲ್ಲಿ ಪತ್ರಿಕೆಯ ಹೆಸರು ಹುಡುಕಿ ನೋಡಬೇಕು, ಅದಕ್ಕೆ ಕಾಸು ಬೇಕಿಲ್ಲ. ಅಲ್ಲಿ ಹೆಸರಿಲ್ಲದಿದ್ದರೆ ಪತ್ರಿಕೆ ಕೆಟ್ಟದ್ದೆಂದೇನೂ ಅಲ್ಲ. ಆದರೆ ಹೆಸರಿಲ್ಲದ ಪತ್ರಿಕೆ ತನಗೆ 7.5 ಇದೆ ಎಂದು ಹೇಳಿಕೊಂಡರೆ ಆ ಅಂಕ ಸುಳ್ಳು.