ಬಟವಾಡೆ ಚಿಂತೆಯ ಬುಡ ಎಲ್ಲಿದೆ?

ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವವರನ್ನು ‘ವ್ಯಾಪಾರ ಹೇಗಿದೆ’ ಎಂದು ಕೇಳಿದರೆ ಕಾರಣಗಳ ಪಟ್ಟಿ ಸಿದ್ಧವಾಗಿರುತ್ತದೆ. ರೇಷ್ಮೆ ದರ ಏರಿದೆ, ಸೂರತ್ ಸೀರೆ ಅಗ್ಗದಲ್ಲಿ ಬಂದು ಬೀಳುತ್ತಿದೆ, ಕರೆಂಟ್ ಕೈಕೊಡುತ್ತದೆ, ಕೆಲಸಕ್ಕೆ ಜನ ಸಿಗುತ್ತಿಲ್ಲ. ಎಲ್ಲವೂ ನಿಜವೇ. ಆದರೆ ತಮ್ಮ ನಿದ್ದೆ ಕೆಡಿಸಿರುವುದು ಇವುಗಳಲ್ಲಿ ಯಾವುದು, ಎಷ್ಟರಮಟ್ಟಿಗೆ ಎಂದು ಬಿಡಿಸಿ ನೋಡುವವರು ಕಡಿಮೆ. ಎಲ್ಲವೂ ಸೇರಿ ಒಂದೇ ಹೊರೆಯಾಗಿ ಕೂತಾಗ ಯಾವುದನ್ನು ಮೊದಲು ಇಳಿಸಬೇಕೆಂಬುದೇ ತೋಚುವುದಿಲ್ಲ.

ತೊಂದರೆಯ ಬುಡ ಹುಡುಕುವ ಒಂದು ಪ್ರಸಿದ್ಧ ವಿಧಾನದ ಹಿಂದೆ ಇರುವವರೂ ಮಗ್ಗದವರೇ. ಜಪಾನಿನ ಸಕಿಚಿ ಟೊಯೊಡಾ (1867–1930) ಹೊಸ ಮಗ್ಗಗಳನ್ನು ರೂಪಿಸಿದವರು. ಎಳೆ ಹರಿದ ಕೂಡಲೇ ಮಗ್ಗ ತಾನಾಗಿ ನಿಲ್ಲುವಂತೆ ಮಾಡಿದ್ದು ಅವರ ದೊಡ್ಡ ಸಾಧನೆ. ಹರಿದ ಎಳೆಯಲ್ಲೇ ಓಡುವ ಮಗ್ಗ ಬಟ್ಟೆಯನ್ನು ಕೆಡಿಸುತ್ತಲೇ ಹೋಗುತ್ತದೆ. ನಿಂತರೆ ಮಾತ್ರ ತಪ್ಪು ಎಲ್ಲಿ ಎಂದು ಕಾಣುತ್ತದೆ. 1924ರಲ್ಲಿ ಅವರು ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದ ಪೇಟೆಂಟ್ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಪಡೆಯಿತು. ಅವರ ಮಗ ಕಟ್ಟಿದ್ದೇ ಟೊಯೊಟಾ ಕಾರು ಕಂಪನಿ. ನಮ್ಮ ಬಿಡದಿಯಲ್ಲೂ ಅದರ ಕಾರ್ಖಾನೆ ಇದೆ. ತೊಂದರೆ ಎದುರಾದರೆ ‘ಯಾಕೆ’ ಎಂದು ಐದು ಸಲ ಕೇಳಬೇಕೆಂಬ ಅಲ್ಲಿನ ರೂಢಿಯ ಮೂಲಪುರುಷ ಸಕಿಚಿ ಎಂದೇ ಹೇಳುತ್ತಾರೆ.

ಐದು ‘ಯಾಕೆ’

ಸ್ವಂತ ನೂಲು ಹಾಕಿ ನಾಲ್ಕು ಮಗ್ಗ ಓಡಿಸುವ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಾಲೀಕರಿಗೆ ನಿದ್ದೆ ಬರುತ್ತಿಲ್ಲ. ಯಾಕೆ? ವಾರದ ಬಟವಾಡೆಗೆ ಹಣವಿಲ್ಲ. ಯಾಕಿಲ್ಲ? ಸೀರೆ ಅಂಗಡಿ ಸೇರಿ ತಿಂಗಳುಗಳಾದರೂ ಬಾಕಿ ಬಂದಿಲ್ಲ. ಯಾಕೆ ಬಂದಿಲ್ಲ? ಇಂಥ ದಿನ ಕೊಡಬೇಕೆಂದು ಬಿಲ್ಲಿನಲ್ಲಿ ಬರೆದಿಲ್ಲ. ಎಲ್ಲ ಬಾಯಿಮಾತಿನ ವ್ಯವಹಾರ. ಯಾಕೆ ಬರೆಸಿಕೊಳ್ಳಲಿಲ್ಲ? ಗಟ್ಟಿಯಾಗಿ ಕೇಳಿದರೆ ಆ ಅಂಗಡಿಯವರು ಮಾಲು ಕೊಳ್ಳುವುದನ್ನೇ ನಿಲ್ಲಿಸಿಯಾರೆಂಬ ಭಯ. ಆ ಭಯ ಯಾಕೆ? ಬರುವ ಹಣದ ಬಹುಪಾಲು ಆ ಒಂದೇ ಅಂಗಡಿಯಿಂದ.

ಮೊದಲ ಉತ್ತರಕ್ಕೇ ನಿಂತಿದ್ದರೆ ಪರಿಹಾರವಾಗಿ ಕಾಣುತ್ತಿದ್ದುದು ಕೈಸಾಲ. ಬಟವಾಡೆ ಅಂದು ಮುಗಿಯುತ್ತಿತ್ತು, ಮುಂದಿನ ವಾರದಿಂದ ಬಡ್ಡಿಯೂ ಸೇರಿಕೊಳ್ಳುತ್ತಿತ್ತು. ಐದನೆಯದಕ್ಕೆ ಇಳಿದಾಗ ಕೆಲಸ ಬೇರೆಯೇ ಆಗುತ್ತದೆ: ಎರಡನೆಯ ಗಿರಾಕಿಯನ್ನು ಹುಡುಕುವುದು, ಮುಂದಿನ ಮಾಲಿಗೆ ಮುಂಚೆ ಪಾವತಿಯ ದಿನ ಬರೆಸಿಕೊಳ್ಳುವುದು. ಒಂದು ಸೀರೆಗೆ ನೂಲು, ಬಣ್ಣ, ಕೂಲಿ, ಕರೆಂಟ್, ಬಡ್ಡಿ ಸೇರಿ ಬೀಳುವ ವೆಚ್ಚವನ್ನೂ ಬರೆದಿಟ್ಟರೆ ಯಾವ ದರಕ್ಕೆ ‘ಆಗುವುದಿಲ್ಲ’ ಎನ್ನಬೇಕೆಂದು ತಿಳಿಯುತ್ತದೆ. ಸಾಲ ಬೇಡವೆಂದಲ್ಲ, ಸಾಲ ಯಾವ ಕಾಯಿಲೆಗೆ ಮದ್ದು ಎಂಬುದು ಮೊದಲು ಗೊತ್ತಿರಬೇಕು.

ಕಾನೂನಿನ ಆಸರೆ

ಬಾಕಿಯ ಚಿಂತೆಯಲ್ಲಿ ಸಣ್ಣ ಉದ್ಯಮಿ ಒಂಟಿಯಲ್ಲ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಲು ಕೊಂಡವರು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೇಳಲು ರಾಜ್ಯ ಮಟ್ಟದಲ್ಲಿ ಸೌಲಭ್ಯ ಮಂಡಳಿ ಇದೆ. 2020ರ ಜುಲೈ 1ರಿಂದ ಜಾರಿಯಲ್ಲಿರುವ ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ. ಈ ನೋಂದಣಿಯೂ ದಿನಾಂಕವಿರುವ ಬಿಲ್ಲೂ ಇಲ್ಲದಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಇರುವ ಒಬ್ಬನೇ ಗಿರಾಕಿಯ ಮೇಲೆ ದೂರು ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ. ಆದ್ದರಿಂದಲೇ ಎರಡನೆಯ ಗಿರಾಕಿ ಕಾನೂನಿಗಿಂತ ಮುಂಚೆ ಬೇಕು.

ಊರಿನ ಚಿಂತೆ

ಎಲ್ಲ ‘ಯಾಕೆ’ಗಳೂ ಮನೆಯೊಳಗೇ ಮುಗಿಯುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಗ್ಗ ನಿಂತದ್ದು ಯಾವ ಮಾಲೀಕರ ತಪ್ಪೂ ಅಲ್ಲ. ನೂಲಿನ ದರದ ಏರಿಳಿತಕ್ಕೂ ಸೂರತ್ತಿನ ಪೈಪೋಟಿಗೂ ಒಂದು ಮನೆಯಲ್ಲಿ ಉತ್ತರವಿಲ್ಲ. ಇಂಥವನ್ನು ನನ್ನ ಅಸಮರ್ಥತೆ ಎಂದು ಎದೆಗೆ ಹಚ್ಚಿಕೊಳ್ಳುವುದು ತನಗೆ ತಾನೇ ಮಾಡಿಕೊಳ್ಳುವ ಅನ್ಯಾಯ. ಇವುಗಳ ಜಾಗ ನೇಕಾರರ ಸಂಘ, ಜವಳಿ ಇಲಾಖೆ, ಶಾಸನಸಭೆ. ಹತ್ತು ಅಶ್ವಶಕ್ತಿವರೆಗಿನ ವಿದ್ಯುತ್ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್ ಉಚಿತ ವಿದ್ಯುತ್ ಎಂದು ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಇಂಥ ಪರಿಹಾರ ಒಬ್ಬೊಬ್ಬರೇ ಕೊರಗಿದರೆ ಸಿಗುವಂಥದಲ್ಲ.

ನೆಲಮಂಗಲದ ವರ್ಕ್‌ಶಾಪಿಗೂ ಹೊಸಕೋಟೆಯ ಟೆಂಪೊ ಮಾಲೀಕರಿಗೂ ದೇವನಹಳ್ಳಿಯ ದ್ರಾಕ್ಷಿ ಬೆಳೆಗಾರರಿಗೂ ಈ ವಿಂಗಡಣೆ ಅಷ್ಟೇ ಅಗತ್ಯ. ಚಿಂತೆಗೆ ಹೆಸರು, ಮೊತ್ತ, ದಿನಾಂಕ ಬರೆದ ಮೇಲೆ ಅದರ ಬಗ್ಗೆ ಏನಾದರೂ ಮಾಡಲು ಸಾಧ್ಯ. ಒಬ್ಬರೇ ಬರೆಯಬೇಕಾಗಿಲ್ಲ; ಮನೆಯವರನ್ನೂ ಕೂರಿಸಿಕೊಳ್ಳಿ. ಬಾಬಿನ್ ಸುತ್ತಿ, ಲೆಕ್ಕ ನೋಡಿ, ಸಾಲದ ಕಂತು ನೆನಪಿಟ್ಟುಕೊಳ್ಳುವ ಹೆಂಗಸರಿಗೆ ಎಷ್ಟೋ ‘ಯಾಕೆ’ಗಳ ಉತ್ತರ ಮೊದಲೇ ಗೊತ್ತಿರುತ್ತದೆ. ಲೆಕ್ಕ ಸರಿಹೋದರೂ ಮನಸ್ಸು ನೆಮ್ಮದಿಗೆ ಬರದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಸಿಗುವ ಉಚಿತ ಸೇವೆ ಅದು.

ಮಗ್ಗ ಉಳಿಯಬೇಕಾದರೆ ಮಗ್ಗದವರು ಉಳಿಯಬೇಕು. ಈ ವಾರವೇ ಒಂದು ಹಾಳೆ ತೆಗೆದುಕೊಳ್ಳಿ: ಯಾರು, ಎಷ್ಟು, ಯಾವಾಗ ಕೊಡಬೇಕು ಎಂದು ಬರೆಯಿರಿ. ಮುಂದಿನ ಸೀರೆ ಕಟ್ಟು ಅಂಗಡಿಗೆ ಹೋಗುವ ಮುಂಚೆ ಅದರ ಬಿಲ್ಲಿನ ಮೇಲೆ ಪಾವತಿಯ ದಿನಾಂಕ ಬೀಳಲಿ.