ಆರು ಸಿಲಿಂಡರ್ ಕಾರು ಎಂಜಿನ್‌ನ ಶಕ್ತಿವರ್ಧನೆ

ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿರುವ ಆರು ಸಿಲಿಂಡರ್‌ಗಳ ಕಾರು ಎಂಜಿನ್‌ನಿಂದ ಹೆಚ್ಚಿನ ಶಕ್ತಿ ಪಡೆಯಲು ಅದರ ಭಾಗಗಳನ್ನು ಅಥವಾ ನಿಯಂತ್ರಣ ವ್ಯವಸ್ಥೆಯನ್ನು ಮಾರ್ಪಡಿಸುವ ಕ್ರಮವನ್ನು ಎಂಜಿನ್‌ನ ಶಕ್ತಿವರ್ಧನೆ ಎನ್ನುತ್ತಾರೆ. ಗ್ಯಾರೇಜುಗಳಲ್ಲಿ ಇದು ‘ಟ್ಯೂನಿಂಗ್’ ಎಂದು ಪರಿಚಿತವಾಗಿದೆ. ಎಂಜಿನ್ ನೀಡುವ ಶಕ್ತಿಯು ಅದು ಪ್ರತಿ ನಿಮಿಷಕ್ಕೆ ಎಷ್ಟು ಗಾಳಿಯನ್ನು ಒಳಗೆಳೆದು ಇಂಧನದೊಂದಿಗೆ ಉರಿಸಬಲ್ಲದು ಎಂಬುದನ್ನು ಮುಖ್ಯವಾಗಿ ಅವಲಂಬಿಸಿದೆ. ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದಂತಹ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಸಮುದ್ರಮಟ್ಟದಿಂದ ಎತ್ತರ, ಮಳೆ, ಏರು ಮತ್ತು ಇಳಿಜಾರುಗಳು ಇಂತಹ ಮಾರ್ಪಾಡಿನ ಫಲಿತಾಂಶದ ಮೇಲೆ ನೇರ ಪರಿಣಾಮ ಬೀರುತ್ತವೆ.

ಮೂಲ ತತ್ತ್ವ

ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಇಂಧನವನ್ನು ಹೆಚ್ಚಿಸುವುದು ಸುಲಭ; ಅದಕ್ಕೆ ತಕ್ಕಷ್ಟು ಗಾಳಿಯನ್ನು ಸಿಲಿಂಡರ್‌ಗೆ ತುಂಬುವುದು ಕಷ್ಟ. ಆದ್ದರಿಂದ ಶಕ್ತಿವರ್ಧನೆಯ ಬಹುಪಾಲು ವಿಧಾನಗಳು ಗಾಳಿಯ ಪ್ರಮಾಣವನ್ನು ಹೆಚ್ಚಿಸುವ ವಿಧಾನಗಳೇ ಆಗಿವೆ.

ತಿರುಗಿಸುವ ಬಲವನ್ನು ಟಾರ್ಕ್ ಎಂದೂ, ಆ ಬಲದಿಂದ ಕೆಲಸ ನಡೆಯುವ ವೇಗವನ್ನು ಶಕ್ತಿ ಎಂದೂ ಕರೆಯುತ್ತಾರೆ. ಟಾರ್ಕನ್ನು (ನ್ಯೂಟನ್ ಮೀಟರ್) ನಿಮಿಷಕ್ಕೆ ಆಗುವ ಸುತ್ತುಗಳಿಂದ ಗುಣಿಸಿ 9549ರಿಂದ ಭಾಗಿಸಿದರೆ ಶಕ್ತಿಯು ಕಿಲೋವ್ಯಾಟ್‌ಗಳಲ್ಲಿ ದೊರೆಯುತ್ತದೆ. 2000 ಸುತ್ತುಗಳಲ್ಲಿ 300 ನ್ಯೂಟನ್ ಮೀಟರ್ ಟಾರ್ಕ್ ನೀಡುವ ಎಂಜಿನ್‌ನ ಶಕ್ತಿ ಆ ವೇಗದಲ್ಲಿ ಸುಮಾರು 63 ಕಿಲೋವ್ಯಾಟ್, ಅಂದರೆ ಸುಮಾರು 85 ಅಶ್ವಶಕ್ತಿ. ಟಾರ್ಕ್ ಹೆಚ್ಚಿಸುವುದು ಅಥವಾ ಅದೇ ಟಾರ್ಕನ್ನು ಹೆಚ್ಚಿನ ಸುತ್ತುಗಳಲ್ಲಿ ಪಡೆಯುವುದು, ಈ ಎರಡೇ ಮಾರ್ಗಗಳಿಂದ ಶಕ್ತಿ ಹೆಚ್ಚುತ್ತದೆ.

ಆರು ಸಿಲಿಂಡರ್‌ಗಳ ರಚನೆ

ಆರು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿರುವ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ 120 ಡಿಗ್ರಿ ತಿರುಗಿದಾಗಲೊಮ್ಮೆ ಒಂದು ಸಿಲಿಂಡರ್‌ನಲ್ಲಿ ದಹನ ನಡೆಯುತ್ತದೆ. ದಹನದ ಸಾಮಾನ್ಯ ಕ್ರಮ 1-5-3-6-2-4. ಮೂರು ಪಿಸ್ಟನ್‌ಗಳ ಚಲನೆಯನ್ನು ಉಳಿದ ಮೂರು ಪಿಸ್ಟನ್‌ಗಳು ಸರಿದೂಗಿಸುವುದರಿಂದ ಕಂಪನ ಬಹಳ ಕಡಿಮೆ. ಆದರೆ ಕ್ರ್ಯಾಂಕ್‌ಶಾಫ್ಟ್ ಉದ್ದವಾಗಿರುವುದರಿಂದ ಅತಿ ವೇಗದಲ್ಲಿ ಅದು ತಿರುಚಿಕೊಳ್ಳುವ ಕಂಪನಕ್ಕೆ ಒಳಗಾಗುತ್ತದೆ. ಸುತ್ತುಗಳ ಮಿತಿಯನ್ನು 6000ದಿಂದ 7000ಕ್ಕೆ ಏರಿಸಿದರೆ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್‌ಗಳ ಮೇಲಿನ ಜಡತ್ವ ಬಲ ಸುಮಾರು 36 ಪ್ರತಿಶತ ಹೆಚ್ಚುತ್ತದೆ.

ಪ್ರಮುಖ ವಿಧಾನಗಳು

ಒಳಹರಿವು ಮತ್ತು ಹೊರಹರಿವು: ಏರ್ ಫಿಲ್ಟರ್, ಮ್ಯಾನಿಫೋಲ್ಡ್, ವಾಲ್ವ್‌ಗಳ ದಾರಿ ಮತ್ತು ಸೈಲೆನ್ಸರ್‌ಗಳಲ್ಲಿನ ತಡೆಯನ್ನು ಕಡಿಮೆ ಮಾಡಲಾಗುತ್ತದೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಕೇವಲ ಫಿಲ್ಟರ್ ಅಥವಾ ಸೈಲೆನ್ಸರ್ ಬದಲಾವಣೆಯ ಲಾಭ ಅಲ್ಪ. ಶಕ್ತಿಗಿಂತ ಶಬ್ದವೇ ಹೆಚ್ಚುವುದುಂಟು.

ಕ್ಯಾಮ್‌ಶಾಫ್ಟ್: ವಾಲ್ವ್‌ಗಳು ಹೆಚ್ಚು ಹೊತ್ತು ತೆರೆದಿರುವಂತೆ ಮಾಡುವ ಕ್ಯಾಮ್ ಹೆಚ್ಚಿನ ಸುತ್ತುಗಳಲ್ಲಿ ಶಕ್ತಿ ನೀಡುತ್ತದೆ. ಅದೇ ಕ್ಯಾಮ್ ಕಡಿಮೆ ಸುತ್ತುಗಳಲ್ಲಿ ಟಾರ್ಕನ್ನು ಕುಗ್ಗಿಸುತ್ತದೆ. ತಿರುವುಗಳ ಏರಿನಲ್ಲಿ ನಿಧಾನವಾಗಿ ಸಾಗುವ ವಾಹನಕ್ಕೆ ಇದು ಅನುಕೂಲಕರವಲ್ಲ.

ಗಾತ್ರ: ಸಿಲಿಂಡರ್‌ಗಳನ್ನು ಕೊರೆದು ಅಗಲಿಸಿ ದೊಡ್ಡ ಪಿಸ್ಟನ್ ಅಳವಡಿಸಬಹುದು. 86 ಮಿ.ಮೀ. ವ್ಯಾಸ ಹಾಗೂ 86 ಮಿ.ಮೀ. ಹೊಡೆತದ ಆರು ಸಿಲಿಂಡರ್‌ಗಳ ಗಾತ್ರ 2997 ಸಿ.ಸಿ. ವ್ಯಾಸವನ್ನು 87 ಮಿ.ಮೀ.ಗೆ ಏರಿಸಿದರೆ ಗಾತ್ರ ಸುಮಾರು 3067 ಸಿ.ಸಿ. ಆಗುತ್ತದೆ. ವೆಚ್ಚ ದೊಡ್ಡದಾದರೂ ಹೆಚ್ಚಳ ಕೇವಲ 2.3 ಪ್ರತಿಶತ.

ಸಂಪೀಡನ ಅನುಪಾತ: ಕಂಪ್ರೆಶನ್ ಹೆಚ್ಚಿಸಿದರೆ ಅದೇ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಆದರೆ ಮಿಶ್ರಣವು ಸಮಯಕ್ಕೆ ಮುನ್ನ ತಾನಾಗಿ ಸಿಡಿಯುವ ‘ನಾಕಿಂಗ್’ ಅಪಾಯವೂ ಹೆಚ್ಚುತ್ತದೆ. ಇದರಿಂದ ಪಿಸ್ಟನ್ ತೂತಾಗಬಹುದು. ಹೆಚ್ಚು ಆಕ್ಟೇನ್ ಸಂಖ್ಯೆಯ ಇಂಧನ ಇದನ್ನು ತಡೆಯುತ್ತದೆ. ಕಡಿಮೆ ಕಂಪ್ರೆಶನ್‌ನ ಮೂಲ ಎಂಜಿನ್‌ಗೆ ಅಂತಹ ಇಂಧನ ತುಂಬಿದ ಮಾತ್ರಕ್ಕೆ ಶಕ್ತಿ ಹೆಚ್ಚುವುದಿಲ್ಲ.

ಟರ್ಬೊಚಾರ್ಜರ್: ಹೊರಹೋಗುವ ಬಿಸಿ ಅನಿಲದಿಂದ ತಿರುಗುವ ಈ ಸಾಧನ ಗಾಳಿಯನ್ನು ಒತ್ತಿ ಸಿಲಿಂಡರ್‌ಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ಇಂಟರ್‌ಕೂಲರ್‌ನಲ್ಲಿ ತಂಪುಗೊಳಿಸಲಾಗುತ್ತದೆ. ಟೊಯೋಟಾ ಸಂಸ್ಥೆಯ 2ಜೆಝಡ್ ಸರಣಿ ಇದಕ್ಕೆ ಉತ್ತಮ ನಿದರ್ಶನ. ಒಂದೇ ಗಾತ್ರದ ಎರಡು ಎಂಜಿನ್‌ಗಳಲ್ಲಿ ಟರ್ಬೊ ಇಲ್ಲದ ಜಿಇ ಮಾದರಿ ಸುಮಾರು 220 ಅಶ್ವಶಕ್ತಿಯದು. ಎರಡು ಟರ್ಬೊಗಳ ಜಿಟಿಇ ಮಾದರಿಗೆ ಜಪಾನಿನಲ್ಲಿ 280 ಅಶ್ವಶಕ್ತಿ ಘೋಷಿಸಲಾಗಿತ್ತು. ಮೊದಲನೆಯದರ ಸಂಪೀಡನ ಅನುಪಾತ 10:1 ಇದ್ದರೆ ಎರಡನೆಯದರದ್ದು 8.5:1. ಅಂದರೆ ತಯಾರಕರು ಟರ್ಬೊ ಸೇರಿಸಿದಾಗ ಪಿಸ್ಟನ್ ಮೊದಲಾದ ಒಳಭಾಗಗಳನ್ನೂ ಬದಲಿಸಿದ್ದಾರೆ.

ಇಸಿಯು ಮಾರ್ಪಾಡು: ಇಂಧನದ ಪ್ರಮಾಣ, ಕಿಡಿಯ ಸಮಯ, ಟರ್ಬೊ ಒತ್ತಡಗಳನ್ನು ನಿಯಂತ್ರಿಸುವ ಗಣಕವನ್ನು ಮರುಹೊಂದಿಸುವುದು ‘ರೀಮ್ಯಾಪಿಂಗ್’. ಟರ್ಬೊ ಇರುವ ಎಂಜಿನ್‌ನಲ್ಲಿ ಇದರ ಲಾಭ ಗಣನೀಯ, ಇಲ್ಲದ ಎಂಜಿನ್‌ನಲ್ಲಿ ಅಲ್ಪ. ನೈಜ ಹೆಚ್ಚಳವನ್ನು ಡೈನಮೊಮೀಟರ್ ಮೇಲೆ, ಮಾರ್ಪಾಡಿನ ಮೊದಲೂ ನಂತರವೂ ಅಳೆದು ನಿರ್ಧರಿಸಬೇಕಾಗುತ್ತದೆ.

ಘಟ್ಟದ ಮೇಲಿನ ಪರಿಸ್ಥಿತಿ

ಶಿರಸಿ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಐದರಿಂದ ಆರು ಪ್ರತಿಶತ ಕಡಿಮೆ. ಕುಮಟಾದಲ್ಲಿ 200 ಅಶ್ವಶಕ್ತಿ ನೀಡುವ, ಟರ್ಬೊ ಇಲ್ಲದ ಎಂಜಿನ್ ಅದೇ ಉಷ್ಣಾಂಶದಲ್ಲಿ ಶಿರಸಿಯಲ್ಲಿ ಸುಮಾರು 190 ಅಶ್ವಶಕ್ತಿಯನ್ನಷ್ಟೇ ನೀಡಬಲ್ಲದು. ಫಿಲ್ಟರ್ ಬದಲಿಸಿ ಗಳಿಸಿದ್ದಕ್ಕಿಂತ ಘಟ್ಟ ಹತ್ತಿ ಕಳೆದುಕೊಳ್ಳುವುದೇ ಹೆಚ್ಚಾಗಿರುವ ಸಾಧ್ಯತೆಯಿದೆ. ಟರ್ಬೊ ಇರುವ ಎಂಜಿನ್ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ.

ಮಳೆಗಾಲದ ಗಾಳಿಯಲ್ಲಿ ನೀರಾವಿಯು ಆಮ್ಲಜನಕದ ಸ್ವಲ್ಪ ಭಾಗದ ಜಾಗವನ್ನು ಆಕ್ರಮಿಸುತ್ತದೆ. ಇದಕ್ಕಿಂತ ದೊಡ್ಡ ಅಪಾಯ ರಸ್ತೆಯ ಮೇಲೆ ಹರಿಯುವ ನೀರಿನದು. ತಂಪು ಗಾಳಿಗಾಗಿ ಒಳಹರಿವಿನ ಕೊಳವೆಯನ್ನು ಬಂಪರ್ ಮಟ್ಟಕ್ಕೆ ಇಳಿಸಿದ್ದರೆ ಎಂಜಿನ್ ನೀರನ್ನು ಹೀರಿಕೊಳ್ಳಬಹುದು. ನೀರು ಗಾಳಿಯಂತೆ ಸಂಕುಚಿತವಾಗದ ಕಾರಣ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬೇಸಿಗೆಯಲ್ಲಿ ತೋಟ, ಹಳ್ಳಿಗಳ ಮಣ್ಣುರಸ್ತೆಗಳ ಧೂಳು ತೆರೆದ ಫಿಲ್ಟರ್‌ಗಳ ಮೂಲಕ ಒಳಸೇರಿ ಸಿಲಿಂಡರ್ ಗೋಡೆಯನ್ನು ಸವೆಸುತ್ತದೆ.

ಏರು, ಇಳಿಜಾರು ಮತ್ತು ಬ್ರೇಕ್

ಈ ತಾಲ್ಲೂಕುಗಳಿಂದ ಕರಾವಳಿಗೆ ಇಳಿಯುವ ಮುಖ್ಯ ಮಾರ್ಗಗಳು ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ, ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲ್ ಘಟ್ಟ ಹಾಗೂ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಿಂದ ಗೇರುಸೊಪ್ಪೆಯ ಮೂಲಕ ಹೊನ್ನಾವರಕ್ಕೆ ಸಾಗುವ ರಸ್ತೆ.

1500 ಕಿಲೋಗ್ರಾಂ ತೂಕದ ಕಾರನ್ನು 600 ಮೀಟರ್ ಎತ್ತರಕ್ಕೇರಿಸಲು ಬೇಕಾಗುವ ಶಕ್ತಿ ಸುಮಾರು 8.8 ಮೆಗಾಜೂಲ್, ಅಂದರೆ ವಿದ್ಯುತ್ತಿನ ಲೆಕ್ಕದಲ್ಲಿ ಎರಡೂವರೆ ಯುನಿಟ್‌ಗಿಂತ ತುಸು ಕಡಿಮೆ. 20 ನಿಮಿಷಗಳಲ್ಲಿ ಏರಿದರೆ ಎತ್ತರವನ್ನು ಗಳಿಸಲಷ್ಟೇ ಬೇಕಾಗುವುದು ಸರಾಸರಿ 10 ಅಶ್ವಶಕ್ತಿ. ಗಾಳಿಯ ತಡೆ, ಚಕ್ರಗಳ ಘರ್ಷಣೆ ಮತ್ತು ವೇಗವರ್ಧನೆಗಳಿಗೆ ಬೇಕಾದುದನ್ನು ಸೇರಿಸಿದರೂ, ಸುಸ್ಥಿತಿಯಲ್ಲಿರುವ ಆರು ಸಿಲಿಂಡರ್ ಎಂಜಿನ್‌ಗೆ ಘಟ್ಟ ಹತ್ತಲು ಮೂಲಶಕ್ತಿಯೇ ಧಾರಾಳ. ಏರಿನಲ್ಲಿ ಸಾಮಾನ್ಯವಾಗಿ ಎದುರಾಗುವ ಮಿತಿ ತಂಪುಗೊಳಿಸುವಿಕೆಯದು: ವೇಗ ಕಡಿಮೆಯಿರುವಾಗ ರೇಡಿಯೇಟರ್ ಮೂಲಕ ಸಾಗುವ ಗಾಳಿಯೂ ಕಡಿಮೆ.

ಇಳಿಯುವಾಗ ಅದೇ 8.8 ಮೆಗಾಜೂಲ್ ಹೊರಹೋಗಲೇಬೇಕು. ಗಾಳಿಯ ತಡೆ ಮತ್ತು ಘರ್ಷಣೆಗಳು ಕಳೆಯದ ಭಾಗವನ್ನು ಎಂಜಿನ್ ಮತ್ತು ಬ್ರೇಕ್‌ಗಳೇ ಹೊರಹಾಕಬೇಕು. ಸದಾ ಬ್ರೇಕ್ ಒತ್ತುತ್ತ ಇಳಿದರೆ ಪ್ಯಾಡ್‌ಗಳು ಕಾಯ್ದು ಹಿಡಿತ ಕುಗ್ಗುತ್ತದೆ. ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಕೆಲಸ ಮಾಡದಂತಾಗುತ್ತದೆ. ಆದ್ದರಿಂದ ತಗ್ಗಿನ ಗೇರಿನಲ್ಲಿ ಇಳಿಯುವುದು ಸುರಕ್ಷಿತ, ನ್ಯೂಟ್ರಲ್‌ನಲ್ಲಿ ಇಳಿಸುವುದು ಅಪಾಯಕಾರಿ. ಶಕ್ತಿ ಹೆಚ್ಚಿಸಿದ ಕಾರು ತಿರುವುಗಳ ನಡುವೆ ಹೆಚ್ಚು ವೇಗ ಪಡೆಯುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹೀರಬೇಕಾದ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಎಂಜಿನ್ ಮಾರ್ಪಾಡಿಗಿಂತ ಮೊದಲು ಬ್ರೇಕ್, ಟೈರ್ ಮತ್ತು ರೇಡಿಯೇಟರ್‌ಗಳನ್ನು ಸರಿಪಡಿಸಬೇಕೆಂಬುದಕ್ಕೆ ಇದೇ ಕಾರಣ.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಸಂದರ್ಭದಲ್ಲಿ ವಿಮಾ ಪರಿಹಾರಕ್ಕೂ ಅಡ್ಡಿಯಾಗಬಹುದು.

ಸವೆದ ಸ್ಪಾರ್ಕ್ ಪ್ಲಗ್, ಕಟ್ಟಿದ ಫಿಲ್ಟರ್, ಸೋರುವ ವಾಲ್ವ್‌ಗಳನ್ನು ಮೂಲ ಮಾದರಿಯ ಭಾಗಗಳಿಂದ ಬದಲಿಸುವುದು ಮಾರ್ಪಾಡು ಎನಿಸುವುದಿಲ್ಲ. ಆರು ಸಿಲಿಂಡರ್‌ಗಳಲ್ಲಿ ಒಂದು ಸರಿಯಾಗಿ ಉರಿಯದಿದ್ದರೂ ಶಕ್ತಿಯ ಆರನೆಯ ಒಂದು ಭಾಗಕ್ಕೂ ಹೆಚ್ಚು ನಷ್ಟವಾಗಬಹುದು. ಹೀಗಾಗಿ ಹಳೆಯ ಎಂಜಿನ್‌ನಲ್ಲಿ ಸಮರ್ಪಕ ದುರಸ್ತಿಯೇ ಮೊದಲ ಶಕ್ತಿವರ್ಧನೆ ಎನಿಸುತ್ತದೆ.